ಬಸ್ಸಿನ ಹಾಡೊಂದನ್ನು ಬಿಟ್ಟು

ಬೆಳಿಗ್ಗೆ ಹಲ್ಲುಜ್ಜುವಾಗ ಮನಸ್ಸಿಗೆ ಅಂಟಿಕೊಳ್ಳುವ ಹಾಡು ಎಂದೂ ಒಳ್ಳೆಯ ಹಾಡಾಗಿರುವುದಿಲ್ಲ, ಗಮನಿಸಿದ್ದೀರಾ? ಘನವಾದ ಕೀರ್ತನೆಗಳೆಲ್ಲ ಆ ಹೊತ್ತಿಗೆ ತೀರ್ಥಯಾತ್ರೆಗೆ ಹೊರಟಿರುತ್ತವೆ. ವಕ್ಕರಿಸುವುದು ಯಾವುದೋ ಕ್ಷುದ್ರ ಪದ. ನನ್ನ ಸಂಕಟ ಇನ್ನೂ ಘೋರವಾದದ್ದು, ಏಕೆಂದರೆ ಆ ಕ್ಷುದ್ರ ಪದವನ್ನು ಬರೆದ ಪುಣ್ಯಾತ್ಮ ನಾನೇ.

ಐವತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆಯಲ್ಲಿ ಕನ್ನಡ ಪಂಡಿತನಾಗಿದ್ದೆ. ಚಾಮರಾಜನಗರದ ಗೆಳೆಯರು ತಾವು ಆಡಲಿದ್ದ ಪೌರಾಣಿಕ ನಾಟಕಕ್ಕೆ ಹಾಡು ಕೇಳಿದಾಗ, ಆರು ತಿಂಗಳು ನಿಘಂಟು ಮಗುಚಿ ಇಪ್ಪತ್ತೆರಡು ಹಾಡುಗಳನ್ನು ರಚಿಸಿದೆ. ಒಂದೊಂದರಲ್ಲೂ ಪ್ರಾಸ, ಯಮಕ, ಉತ್ಪ್ರೇಕ್ಷೆಗಳು ಕಿಕ್ಕಿರಿದು, ಹಾಡುವವನಿಗೆ ಉಸಿರಾಡಲು ಮಾತ್ರ ಜಾಗವಿರಲಿಲ್ಲ. ನಾಟಕಕ್ಕೆ ಮೂರು ದಿನವಿರುವಾಗ ದ್ವಾರಪಾಲಕನ ಪಾತ್ರದ ದರ್ಜಿ ನಂಜುಂಡ ಬಂದು, ರಾಜ ಉಡುಪು ಬದಲಾಯಿಸುವಷ್ಟು ಹೊತ್ತು ಪರದೆಯ ಮುಂದೆ ಜನರನ್ನು ನಗಿಸಲು ತನಗೂ ಒಂದು ಹಾಡು ಬೇಕೆಂದ. ಪೀಡೆ ತೊಲಗಲೆಂದು ಲಕೋಟೆಯ ಹಿಂದೆ ಗೀಚಿ ಕೊಟ್ಟೆ:

ತಳ್ಳಣ್ಣ ತಳ್ಳು, ಬೇಗೂರು ಬಸ್ಸು,
ಹತ್ತಿದ್ದು ನಾವು, ಹೊತ್ತದ್ದೂ ನಾವು!

ನಾಟಕದ ಹಾಡಿನ ಪುಸ್ತಕ ಅಚ್ಚಾಗುವಾಗ ನನ್ನ ಮಾನ ಉಳಿಸಿಕೊಳ್ಳಲು, ‘ಬಸ್ಸಿನ ಹಾಡೊಂದನ್ನು ಬಿಟ್ಟು ಮಿಕ್ಕೆಲ್ಲವೂ ಪಂಡಿತರ ಕೃತಿ’ ಎಂದು ಮೊದಲ ಪುಟದಲ್ಲೇ ಹಾಕಿಸಿದೆ.

ನಮ್ಮ ಕಡೆ ಸಭಿಕರು ‘ಒನ್ಸ್ ಮೋರ್’ ಎಂದರೆ ಸತ್ತವನೂ ಎದ್ದು ಹಾಡಬೇಕು. ಕೊನೆಯ ಅಂಕದಲ್ಲಿ ರಾಜ ನನ್ನ ಅತ್ಯುತ್ತಮ ಪದ್ಯವನ್ನು ಹಾಡುತ್ತ ಪ್ರಾಣ ಬಿಡುತ್ತಿದ್ದಾಗ, ಜನ ಒನ್ಸ್ ಮೋರ್ ಎಂದು ಕೂಗಿದರು. ನಾನು ಎದೆಯುಬ್ಬಿಸಿದೆ. ಅವರು ಕೂಗಿದ್ದು ಆಗಲೇ ಮುಗಿದಿದ್ದ ಬಸ್ಸಿನ ಹಾಡಿಗೆ! ನಂಜುಂಡ ಈಟಿ ಹಿಡಿದು ಓಡಿಬಂದು ಮೂರು ಬಾರಿ ಹಾಡಿದ. ಅಷ್ಟೂ ಹೊತ್ತು ರಾಜ ಅರ್ಧ ಸತ್ತು, ಸೊಳ್ಳೆ ಹೊಡೆದುಕೊಳ್ಳುತ್ತ ಮಲಗಿದ್ದ.

ತಿಂಗಳೊಪ್ಪತ್ತಿನಲ್ಲಿ ಸಂತೆಮರಹಳ್ಳಿಯ ಸಂತೆಯಲ್ಲಿ ಅದೇ ಹಾಡು, ಮದುವೆಯ ವಾಲಗದಲ್ಲಿ ಅದೇ ಹಾಡು, ನನ್ನ ತರಗತಿಯ ಹಿಂದಿನ ಬೆಂಚಿನಲ್ಲೂ ಅದೇ. ತಡೆಯಲಾರದೆ ಒಂದು ದಿನ ಬಸ್ಸಿನ ಕಂಡಕ್ಟರಿಗೆ ಅದು ನನ್ನದೆಂದೆ. ಆತ ಚೀಲದಿಂದ ಹಾಡಿನ ಪುಸ್ತಕ ತೆಗೆದು, ನಾನೇ ಹಾಕಿಸಿದ್ದ ಸಾಲನ್ನು ಬೆರಳಿಟ್ಟು ತೋರಿಸಿದ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಟಿಕೆಟ್ಟಿಗೆ ಕಾಸು ಎಣಿಸಿ ಕೊಟ್ಟೆ.

ಊರಿನವರು ನಂಬದಿದ್ದರೆ ಹೋಗಲಿ. ಆದರೆ ಉಡಿಗಾಲದಲ್ಲಿದ್ದ ನನ್ನ ಅವ್ವನ ಬಾಯಲ್ಲಿ ನನ್ನದೊಂದು ಸಾಲನ್ನು ಕೇಳಬೇಕೆಂಬುದು ನನ್ನ ಬಹುಕಾಲದ ಆಸೆ. ಓದು ಬಾರದ ಅವಳಿಗೆ ವರ್ಷಗಟ್ಟಲೆ ನನ್ನ ಪದ್ಯಗಳನ್ನು ಓದಿ ಹೇಳಿದ್ದೆ. ಅವಳು ತಾಳ್ಮೆಯಿಂದ ಕೇಳಿ, ಕೊನೆಗೆ ಉಂಡೆಯಾ ಎಂದು ವಿಚಾರಿಸುತ್ತಿದ್ದಳು. ಆ ಸಲ ರಜೆಗೆ ಹೋದಾಗ ಅವ್ವ ರಾಗಿ ಬೀಸುತ್ತ ಬಸ್ಸನ್ನು ತಳ್ಳುತ್ತಿದ್ದಳು! ಪಕ್ಕದಲ್ಲಿ ಕುಳಿತು, ಅವ್ವಾ, ಅದನ್ನು ಬರೆದವನು ನಾನೇ ಎಂದೆ.

ಅವ್ವ ಕಲ್ಲು ನಿಲ್ಲಿಸಿ ನನ್ನ ಮುಖ ನೋಡಿದಳು. “ಸುಳ್ ಯೇಳ್ಬ್ಯಾಡ ಕಣ್ಲಾ ಮಗ. ನೀ ಬರ್ದಿದ್ರ ನಂಗ ಅರ್ಥ ಆಯ್ತಿತ್ತಾ?”

ಇಪ್ಪತ್ತೆರಡು ಹಾಡುಗಳಿಗೂ ಸೇರಿಸಿ ಬಂದ ವಿಮರ್ಶೆ ಇದೊಂದೇ. ಅವ್ವ ಮತ್ತೆ ಬೀಸತೊಡಗಿದಳು. ಎರಡನೆಯ ಸಾಲನ್ನು ಪೂರ್ತಿ ಹಿಂದುಮುಂದಾಗಿಸಿ, ‘ಹೊತ್ತದ್ದು ನಾವು, ಹತ್ತಿದ್ದೂ ನಾವು’ ಎಂದು ಹಾಡುತ್ತಿದ್ದಳು. ತಿದ್ದಲು ಪಂಡಿತನ ನಾಲಿಗೆ ತುರಿಸಿತು. ಬೀಸುವ ಕಲ್ಲಿನ ಗೂಟಕ್ಕೆ ನಾನೂ ಕೈ ಹಾಕಿ, ಅವಳು ಹಾಡಿದಂತೆಯೇ ಹಾಡಿದೆ.