ನಾಗಲಕ್ಷ್ಮಿ ಕತ್ತರಿ ಹಾಕದೆ ಬಿಟ್ಟ ವಿಡಿಯೋ

ಕೊಡಿಗೇಹಳ್ಳಿ ಹಳೇ ಊರಿನ ಬೀದಿಯಲ್ಲಿ ನನ್ನದು ಪೇಂಟು, ಪೈಪು, ಮೊಳೆ ಮಾರುವ ಹಾರ್ಡ್‌ವೇರ್ ಅಂಗಡಿ. ಪಕ್ಕದ ಮಳಿಗೆ ನಾಗಲಕ್ಷ್ಮಿಯದು. ಮದುವೆ, ಸೀಮಂತ, ಗೃಹಪ್ರವೇಶಗಳ ವಿಡಿಯೋ ತೆಗೆಯುವ ಸ್ಟುಡಿಯೋ ಅದು. ಗಂಡ ಸಿದ್ರಾಮಪ್ಪ ಶುರು ಮಾಡಿದ್ದು. ಅವನಿಗೆ ಮಂಡಿನೋವು ಬಂದು ಛತ್ರಗಳಲ್ಲಿ ನಿಲ್ಲಲಾಗದೆ ಹೋದಾಗ ಕ್ಯಾಮೆರಾವನ್ನು ಈಕೆಯೇ ಹೆಗಲಿಗೇರಿಸಿಕೊಂಡಳು. ಈ ಬಾಲರಾಜು ಬಾಯಿ ಬಿಟ್ಟರೆ ಜಗಳ ಎಂದು ಬೀದಿಯವರು ನನ್ನ ಬಗ್ಗೆ ಹೇಳುತ್ತಾರೆ. ಹೇಳಲಿ ಬಿಡಿ, ನನಗೇನು. ಯಾರನ್ನೂ ಸುಮ್ಮಸುಮ್ಮನೆ ಹೊಗಳುವ ಜಾಯಮಾನ ನನ್ನದಲ್ಲ. ಆದರೆ ಈ ಹೆಂಗಸನ್ನು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಮದುವೆ ವಿಡಿಯೋ ಎಂದರೆ ತೆಗೆಯುವುದು ಅರ್ಧ ಕೆಲಸ, ಕತ್ತರಿಸುವುದು ಇನ್ನರ್ಧ. ಬೀಗರ ಊಟದಲ್ಲಿ ತನ್ನ ಎಲೆಗೆ ಬರೀ ಮೂಳೆ ಬಿತ್ತೆಂದು ಮುಖ ಊದಿಸಿಕೊಂಡ ಸೋದರಮಾವ, ಕಳಸ ಹಿಡಿಯುವವಳು ತಾನು ತಾನೆಂದು ಕಿತ್ತಾಡಿದ ನಾದಿನಿಯರು, ಧಾರೆಯ ಹೊತ್ತಿಗೆ ಬಾಯಿ ತೆರೆದು ಗೊರಕೆ ಹೊಡೆದ ತಾತ, ಇವೆಲ್ಲ ಹೋಗಬೇಕು. ಮನೆಯವರು ಬಂದು ಆಕೆಯ ಕಂಪ್ಯೂಟರಿನ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. "ಅದು ತೆಗಿ, ಇದು ತೆಗಿ, ಅಯ್ಯೋ ಅವಳನ್ನಂತೂ ಪೂರ್ತಿ ತೆಗಿ!" ನಾಗಲಕ್ಷ್ಮಿ ನಗುನಗುತ್ತಾ ತೆಗೆಯುತ್ತಾಳೆ. ನಮ್ಮೂರಿನ ಅರ್ಧ ಮನೆಗಳ ಮರ್ಯಾದೆ ಉಳಿದಿರುವುದು ಆ ಕತ್ತರಿಯಿಂದಲೇ.

ಹೋದ ವರ್ಷ ಒಂದು ಬೆಳಿಗ್ಗೆ ಮುನೀಂದ್ರ ತನ್ನ ಲಗೇಜ್ ಆಟೋದಲ್ಲಿ ನನ್ನ ಅಂಗಡಿಗೆ ಪೇಂಟಿನ ಡಬ್ಬಗಳನ್ನು ತಂದ. ಬೀದಿಯ ತುದಿಯಲ್ಲಿ ಹಸು ಸಾಕಿ ಮನೆಮನೆಗೆ ಹಾಲು ಹಾಕುವ ಗೋಪಾಲಮ್ಮನ ಒಬ್ಬನೇ ಮಗ ಅವನು. ಹುಡುಗ ಚಿನ್ನ, ನಾಲಿಗೆ ಮಾತ್ರ ಹರಿತ. ಗಾಡಿಯನ್ನು ಅರ್ಧ ರಸ್ತೆಗೆ ನಿಲ್ಲಿಸಿ ಇಳಿಸುತ್ತಿದ್ದ. ಅಷ್ಟರಲ್ಲಿ ನಾಗೇಶ್ ಎಂಬ ಕಾನ್‌ಸ್ಟೇಬಲ್ ಬಂದ. ಯಾವ ಸ್ಟೇಷನ್ನಿನವನು ಎನ್ನುವುದು ಬೇಡ.

"ತೆಗಿಯೋ ಗಾಡಿ!"

"ಎರಡೇ ಡಬ್ಬ ಸಾ, ಇಳಿಸ್ಬುಟ್ಟು ಒಂಟೋಯ್ತೀನಿ."

ನಾಗೇಶ್ ಕೈ ಹಾಕಿ ಬೀಗದ ಕೈ ಕಿತ್ತುಕೊಂಡ. ಮುನೀಂದ್ರನ ಪಿತ್ತ ನೆತ್ತಿಗೇರಿತು. ಆ ಪೊಲೀಸಪ್ಪನ ತಾಯಿಯನ್ನು ಎಳೆದು ತಂದು ಒಂದು ಮಾತು ಬೈದ. ಆ ಮಾತನ್ನು ನಾನು ಬರೆಯುವುದಿಲ್ಲ. ನಾಗೇಶ್ ಅವನ ಕೊರಳಪಟ್ಟಿಗೇ ಕೈ ಹಾಕಿದ. ಜನ ಸೇರಿದರು. ಇಷ್ಟು ದೊಡ್ಡ ಬಾಯಿಯ ನಾನು ಅಂಗಡಿಯೊಳಗೇ ನಿಂತಿದ್ದೆ.

ನಾಗಲಕ್ಷ್ಮಿ ಮಾತ್ರ ಗದ್ದಲ ಶುರುವಾದಾಗಲೇ ಹೊರಗೆ ಬಂದು ತನ್ನ ಸ್ಟುಡಿಯೋದ ಮೆಟ್ಟಿಲ ಮೇಲೆ ನಿಂತುಬಿಟ್ಟಿದ್ದಳು. ಫೋನನ್ನು ಎದೆಯ ಮಟ್ಟಕ್ಕೆ, ಎಲ್ಲರಿಗೂ ಕಾಣುವ ಹಾಗೆ ಹಿಡಿದಿದ್ದಳು. ಕದ್ದುಮುಚ್ಚಿ ಏನಿಲ್ಲ.

"ಏಯ್, ವಿಡಿಯೋ ನಿಲ್ಸಮ್ಮ! ಕೊಡು ಇಲ್ಲಿ ಫೋನು!" ನಾಗೇಶ್ ಅಬ್ಬರಿಸಿದ.

"ರಸ್ತೆ ಪಕ್ಕ ನಿಂತಿದೀನಿ ಸಾರ್, ನಿಮ್ ಕೆಲಸಕ್ಕೆ ಅಡ್ಡ ಬಂದಿಲ್ಲ. ಹಿಂದಕ್ಕೆ ಹೋಗು ಅಂದ್ರೆ ಹೋಗ್ತೀನಿ. ಫೋನೇ ಬೇಕು ಅಂದ್ರೆ ಬರವಣಿಗೇಲಿ ಕೊಟ್ಟು ತಗೊಳ್ಳಿ."

"ಹೋಗು ಹಿಂದಕ್ಕೆ!"

"ಆಯ್ತು ಸಾರ್." ಹೋದಳು. ಮೆಟ್ಟಿಲಿಳಿದು, ಆಚೆ ಮನೆಯ ಗೇಟಿನ ತನಕ ಹಿಂದೆ ಸರಿದು ನಿಂತಳು. ಮದುಮಗನಿಗೆ "ಸ್ವಲ್ಪ ಈ ಕಡೆ ತಿರುಗಿ" ಎನ್ನುವಾಗಿನ ಅದೇ ಮೆತ್ತಗಿನ ದನಿ. ಫೋನು ಮಾತ್ರ ಕೆಳಗಿಳಿಯಲಿಲ್ಲ. ಎಲಾ ಇವಳ! ಎಂದುಕೊಂಡೆ. ಖಾಕಿ ಕಂಡರೆ ನಮ್ಮಪ್ಪನ ಕಾಲದಿಂದಲೂ ಟವೆಲ್ಲು ಹೆಗಲಿಂದ ಇಳಿಸಿ ಕಂಕುಳಿಗೆ ಸೇರಿಸಿದ ಊರು ನಮ್ಮದು. ಅಂಥ ಊರಿನ ಹೆಣ್ಣುಮಗಳು ಬೈಯದೆ, ಅಂಗಲಾಚದೆ, ಓಡಿಹೋಗದೆ ಸುಮ್ಮನೆ ನೋಡುತ್ತಾ ನಿಂತಿದ್ದಳು.

ಅಷ್ಟರಲ್ಲಿ ನಾಗೇಶ್ ಮುನೀಂದ್ರನನ್ನು ಕೊರಳಪಟ್ಟಿ ಹಿಡಿದು ಹಿಂದಕ್ಕೆ ಜಗ್ಗಿದ. ಮೋರಿಯ ಕಲ್ಲುಚಪ್ಪಡಿ ಅಲ್ಲಾಡಿತು. ನಾಗೇಶನೇ ಕಾಲು ಜಾರಿ ದೊಪ್ಪನೆ ಬಿದ್ದು ಮೊಣಕೈ ಜಜ್ಜಿಕೊಂಡ. ಜೀಪು ಬಂತು, ಮುನೀಂದ್ರನನ್ನು ಹತ್ತಿಸಿಕೊಂಡು ಹೋಯಿತು. ಡ್ಯೂಟಿಯಲ್ಲಿದ್ದ ಪೊಲೀಸರನ್ನು ತಳ್ಳಿ ಗಾಯ ಮಾಡಿದ ಎಂದು ಕೇಸು ಹಾಕುತ್ತಾರೆ, ನಾಳೆ ಜಡ್ಜ್ ಮುಂದೆ ನಿಲ್ಲಿಸಿದರೆ ಜೈಲೇ ಗತಿ ಎಂದು ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು.

ಗೋಪಾಲಮ್ಮ ಎದೆ ಬಡಿದುಕೊಂಡು ಸ್ಟುಡಿಯೋಗೆ ಬಂದಳು. ನಾಗಲಕ್ಷ್ಮಿ ವಿಡಿಯೋ ಹಾಕಿ ತೋರಿಸಿದಳು. ಮಗ ಕೈ ಎತ್ತಲೇ ಇಲ್ಲ, ಪೊಲೀಸಪ್ಪ ತಾನೇ ಜಾರಿ ಬಿದ್ದ ಎನ್ನುವುದು ಹಗಲಿನಷ್ಟು ಸ್ಪಷ್ಟವಾಗಿತ್ತು. ಆದರೆ ಅದಕ್ಕೆ ಮುಂಚೆ ಆ ಬೈಗುಳವೂ ಗಂಟೆ ಹೊಡೆದ ಹಾಗೆ ಕೇಳಿಸಿತು.

"ಅಯ್ಯೋ ಸಿವ್ನೇ!" ಗೋಪಾಲಮ್ಮ ಕಿವಿ ಮುಚ್ಚಿಕೊಂಡಳು. "ಇಂಗಾ ಬಯ್ದವ್ನೆ ನನ್ ಮಗ? ನಾಗೂ, ಇದೊಂದ್ ತೆಗ್ದಾಕವ್ವ. ಮದ್ವೆ ವಿಡಿಯೋದಾಗೆ ತೆಗಿಯಾಕಿಲ್ವಾ, ಅಂಗೆ."

ನಾನೂ ಧ್ವನಿಗೂಡಿಸಿದೆ. "ತೆಗಿಯಮ್ಮ ಅತ್ಲಾಗೆ. ಒಂದ್ ಮಾತು ಹೋದ್ರೆ ಯಾರ ಗಂಟು ಹೋಗುತ್ತೆ? ತೆಗೆದು ವಾಟ್ಸಾಪಿಗೆ ಬಿಡು, ಊರೆಲ್ಲ ನೋಡ್ಲಿ."

"ಆಗಲ್ಲ ಅಕ್ಕ," ಎಂದಳು ನಾಗಲಕ್ಷ್ಮಿ. "ಮದುವೆ ವಿಡಿಯೋ ನೋಡೋರು ಮನೆಯೋರು. ಇದನ್ನ ನೋಡೋರು ನಮ್ಮನ್ನ ನಂಬಬೇಕಾದೋರು. ಒಂದ್ ಕಡೆ ಕತ್ತರಿ ಹಾಕಿದ್ರೆ ಎಲ್ಲಾ ಕಡೆ ಹಾಕಿದಾಳೆ ಅಂತಾರೆ. ವಾಟ್ಸಾಪಿಗೂ ಬೇಡ ಬಾಲರಾಜಣ್ಣ, ಅಲ್ಲಿ ಬೇರೆ ಯಾರಾದ್ರೂ ಕತ್ತರಿಸಿ ಇನ್ನೇನೋ ಮಾಡ್ತಾರೆ."

"ನನ್ ಮಗನ್ ಮಾನ ತೆಗಿತೀಯೇನೇ? ನಿನ್ ಕೈ ಸೇದೋಗ!" ಎಂದು ಗೋಪಾಲಮ್ಮ ಹಿಡಿಶಾಪ ಹಾಕಿದಳು. ಆ ಶಾಪ ಕೇಳಿ ನನಗೇ ಸಿಟ್ಟು ನೆತ್ತಿಗೇರಿತ್ತು. ನಾಗಲಕ್ಷ್ಮಿ ಮಾತ್ರ ವಿಡಿಯೋವನ್ನು ಇದ್ದಂತೆಯೇ ವಕೀಲೆ ಶಾಂತಲಾ ಅವರಿಗೆ ಕಳಿಸಿದಳು. ಶಾಂತಲಾ ಅವರ ಮದುವೆಯ ವಿಡಿಯೋ ತೆಗೆದವಳೂ ಈಕೆಯೇ. ಅವರು ಓಡಾಡಿ, ಅಂದೇ ಸಾಯಂಕಾಲ ನಮ್ಮನ್ನೆಲ್ಲ ಎಸಿಪಿ ಸಾಹೇಬರ ಕೋಣೆಗೆ ಕರೆದುಕೊಂಡು ಹೋದರು.

ಸಾಹೇಬರು ನಾಗಲಕ್ಷ್ಮಿಯನ್ನು ಮೇಲಿಂದ ಕೆಳಗೆ ನೋಡಿದರು. "ಎಡಿಟ್ ಮಾಡಿರೋ ವಿಡಿಯೋಗಳನ್ನ ದಿನಾ ನೋಡಿ ಸಾಕಾಗಿದೆ ನಮಗೆ. ನಿಮ್ದಂತೂ ಕಸುಬೇ ಎಡಿಟಿಂಗ್ ಅಂತೆ?"

ಮುಗಿಯಿತು ಕಥೆ ಎಂದುಕೊಂಡೆ. ಆಕೆ "ಹೌದು ಸಾರ್" ಎಂದಷ್ಟೇ ಹೇಳಿ, ವಿಡಿಯೋ ತೆಗೆದ ಫೋನನ್ನೇ ಅವರ ಮೇಜಿನ ಮೇಲಿಟ್ಟಳು.

ಮುನೀಂದ್ರನ ಬೈಗುಳ ಆ ಕೋಣೆಯಲ್ಲಿ ಮೊಳಗಿತು. ಗೋಪಾಲಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಗೋಡೆಯ ಪಕ್ಕ ನಿಂತಿದ್ದ ನಾಗೇಶ್ ಕಣ್ಣು ಮುಚ್ಚಿಕೊಂಡ. ಸಾಹೇಬರು ಕೊನೆಯವರೆಗೆ ನೋಡಿದರು, ಮತ್ತೆ ಮೊದಲಿಂದ ನೋಡಿದರು. ಆಮೇಲೆ ಫೋನನ್ನು ಆಕೆಯ ಕಡೆಗೆ ಸರಿಸಿದರು.

"ಕತ್ತರಿ ಹಾಕೋರಾಗಿದ್ರೆ ಮೊದಲು ಈ ಬೈಗುಳಾನೇ ಹೋಗಿರೋದು. ಇದನ್ನೇ ಬಿಟ್ಟಿದೀರಲ್ಲಮ್ಮ, ಮಿಕ್ಕಿದ್ದನ್ನ ಹೇಗೆ ಅನುಮಾನಿಸಲಿ?" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿದರು. "ಏನ್ರೀ ನಾಗೇಶ್, ಯಾರ್ ತಳ್ಳಿದ್ದು ನಿಮ್ಮನ್ನ?"

ಅವನು ನೆಲ ನೋಡುತ್ತಾ ಹೇಳಿದ: "ಯಾರೂ ಇಲ್ಲ ಸಾರ್. ಜಾರಿ ಬಿದ್ದೆ."

ನಾನು ನಾಗಲಕ್ಷ್ಮಿಯ ಮುಖ ನೋಡಿದೆ. ಗೆದ್ದೆ ಎನ್ನುವ ಗರ್ವ ಅಲ್ಲಿ ಒಂದು ಚೂರೂ ಇರಲಿಲ್ಲ. ಇಷ್ಟು ವರ್ಷ ಒಂದೇ ಗೋಡೆಯ ಆಚೀಚೆ ಕೂತು ವ್ಯಾಪಾರ ಮಾಡಿದ್ದೇವೆ, ನೀರಿಗೆ, ಕಸಕ್ಕೆ ಎಂದು ಈಕೆಯ ಜೊತೆ ಎಷ್ಟು ಜಗಳ ಆಡಿದ್ದೇನೆ. ಇಂಥವಳು ಎಂದು ನನಗೆ ಗೊತ್ತೇ ಇರಲಿಲ್ಲವಲ್ಲ! ಎದ್ದು ನಿಂತು ಕೈ ಮುಗಿಯಬೇಕು ಅನಿಸಿತು.

ಗಾಡಿಯನ್ನು ರಸ್ತೆಗೆ ಅಡ್ಡ ನಿಲ್ಲಿಸಿದ್ದಕ್ಕೆ ದಂಡ ಹಾಕಿ ಮುನೀಂದ್ರನನ್ನು ಬಿಟ್ಟರು. ಸ್ಟೇಷನ್ನಿನ ಅಂಗಳದ ಹೊಂಗೆ ಮರದ ಕೆಳಗೆ ನಾಗೇಶ್ ಒಬ್ಬನೇ ನಿಂತಿದ್ದ. ಗೋಪಾಲಮ್ಮ ಮಗನ ಕತ್ತು ಹಿಡಿದು ಅವನ ಮುಂದಕ್ಕೆ ದಬ್ಬಿಕೊಂಡು ಹೋದಳು.

"ತಪ್ಪಾಯ್ತು ಸಾ," ಮುನೀಂದ್ರ ತಲೆ ತಗ್ಗಿಸಿದ. "ಬಾಯಿ ಜಾರ್ತು."

ನಾಗೇಶ್ ಟೋಪಿ ತೆಗೆದ. ಕರ್ಮಕ್ಕೆಂದು ಬೋಳಿಸಿದ ತಲೆ. ಕೂದಲು ಆಗ ತಾನೇ ಮೊಳೆಯುತ್ತಿತ್ತು.

"ನಮ್ಮವ್ವ ಹೋಗಿ ಇನ್ನೂ ತಿಂಗ್ಳು ತುಂಬಿಲ್ಲ ಕಣಯ್ಯ," ಎಂದ. "ನೀನ್ ಅವ್ಳನ್ನ ಅಂದೆ, ನಂಗೆ ತಡ್ಕೊಳ್ಳಕ್ಕಾಗ್ಲಿಲ್ಲ. ಸುಳ್ಳು ಹೇಳ್ಬಾರ್ದಿತ್ತು, ಹೇಳ್ಬಿಟ್ಟೆ." ಆ ದೊಡ್ಡ ಆಳು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.

ಗೋಪಾಲಮ್ಮ ಮಗನನ್ನು ಬಿಟ್ಟು ಅವನ ಹತ್ತಿರ ಹೋದಳು. "ಅಳ್ಬ್ಯಾಡ ಕಣಪ್ಪ, ಅಳ್ಬ್ಯಾಡ," ಎನ್ನುತ್ತಾ ತನ್ನ ಸೆರಗಿನಿಂದಲೇ ಅವನ ಕೆನ್ನೆ ಒರೆಸಿದಳು.

ನನ್ನ ಕಣ್ಣಲ್ಲೂ ನೀರು. ಇದನ್ನಲ್ಲವೇ ಊರೆಲ್ಲ ನೋಡಬೇಕಾದದ್ದು! ಸರಕ್ಕನೆ ಫೋನು ತೆಗೆದು ಎತ್ತಿದೆ. ಪರದೆಯ ತುಂಬ ಕತ್ತಲಾಯಿತು. ನಾಗಲಕ್ಷ್ಮಿ ಕ್ಯಾಮೆರಾದ ಮೇಲೆ ಅಂಗೈ ಇಟ್ಟಿದ್ದಳು.

"ಬೇಡ ಬಾಲರಾಜಣ್ಣ," ಎಂದಳು ಮೆಲ್ಲಗೆ. "ಡ್ಯೂಟೀಲಿರೋ ಪೊಲೀಸಪ್ಪನ್ನ ತೆಗೀಬಹುದು. ಅವ್ವನ್ನ ಕಳ್ಕೊಂಡು ಅಳ್ತಿರೋ ಮಗನ್ನ ತೆಗೀಬಾರ್ದು."

ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ.