ಖಾಲಿ ಬಂದ ಗಾಡಿ

ಅವತ್ತು ಬೆಳಗ್ಗೆ ಅಡಿಕೆ ಗಾಡಿ ಬರಲೇ ಇಲ್ಲ.

ಎಂಬತ್ತರ ದಶಕದ ಶುರುವಿನ ಮಾತು, ನಾನಾಗ ಮಿಡ್ಲ್ ಸ್ಕೂಲು. ಚನ್ನಗಿರಿಯ ನಮ್ಮ ಓಣಿಯಲ್ಲಿ ಸೀಜನ್ ಬಂತೆಂದರೆ ಹೆಂಗಸರೆಲ್ಲ ಮನೆ ಮುಂದಿನ ಕಟ್ಟೆ ಮೇಲೆ ಹಸಿ ಅಡಿಕೆ ಸುಲಿಯಲು ಕೂರುತ್ತಿದ್ದರು. ಸಾಹುಕಾರರ ಎತ್ತಿನ ಗಾಡಿ ಬಾಗಿಲಿಗೇ ಅಡಿಕೆ ತಂದು ಸುರಿದು, ಸಂಜೆ ಸುಲಿದದ್ದನ್ನು ಒಯ್ಯುತ್ತಿತ್ತು. ನಮ್ಮ ಒಲೆ ಉರಿಯುತ್ತಿದ್ದದ್ದು ಅವ್ವನ ಆ ಕೆಲಸದಿಂದಲೇ.

ಸಿಪ್ಪೆ ಮಾತ್ರ ನಮ್ಮ ಪಾಲಿಗೆ. ಚರಂಡಿಯಲ್ಲಿ ತುಂಬಿ, ಕೊಳೆತು, ಗಬ್ಬು ನಾತ, ಸೊಳ್ಳೆ... ಆ ವರ್ಷ ನನ್ನ ತಂಗಿ ಚಳಿಜ್ವರ ಬಂದು ಹಾಸಿಗೆ ಹಿಡಿದಿದ್ದಳು.

ಹಿಂದಿನ ದಿನ ಓಣಿ ಕಮಿಟಿ ಮೀಟಿಂಗ್ ಆಗಿತ್ತು. ಓಣಿಯಲ್ಲಿ ಸುಲಿಯುವುದನ್ನೇ ನಿಲ್ಲಿಸಿ ಅಂತ ಕೆಲವರ ಹಠ. ಹಾಗಾದರೆ ನಾವು ಉಣ್ಣುವುದೇನು ಅಂತ ಹೆಂಗಸರು ಜಗಳಕ್ಕೇ ನಿಂತರು.

ಕೊನೆಗೆ ಅಧ್ಯಕ್ಷರಾಗಿದ್ದ ಟೈಲರ್ ಬಸಣ್ಣ ಒಂದು ದಾರಿ ಹೇಳಿದರು. ಅಡಿಕೆ ತರುವ ಗಾಡಿಯೇ ಸಿಪ್ಪೆಯನ್ನೂ ಹೇರಿಕೊಂಡು ಹೋಗಲಿ, ಒಪ್ಪದ ಸಾಹುಕಾರರ ಅಡಿಕೆಯನ್ನು ಓಣಿಯಲ್ಲಿ ಯಾರೂ ಮುಟ್ಟುವುದು ಬೇಡ.

ಒಪ್ಪಿದವರು ಕೈ ಎತ್ತಬೇಕಿತ್ತು. ಸಾಹುಕಾರರು ಬೇರೆ ಓಣಿ ನೋಡಿಕೊಂಡರೆ ನಮ್ಮ ಗತಿ? ನಾನು ಹುಟ್ಟಾ ಅಂಜುಬುರುಕಿ, ಎತ್ತಬೇಡ ಅಂತ ಅವ್ವನ ಸೆರಗು ಜಗ್ಗಿದೆ.

ಅವ್ವ ಎತ್ತಿದಳು... ಎಲ್ಲರಿಗಿಂತ ಕೊನೆಗೆ. ಅಡಿಕೆ ಕರೆಗೆ ಕಪ್ಪಾಗಿದ್ದ ಕೈ.

ಸಂಜೆಯೇ ಸಾಹುಕಾರರಿಗೆ ಸುದ್ದಿ ಮುಟ್ಟಿಸಿದ್ದಾಯಿತು. ಬೆಳಗಾಗಿ ನೋಡಿದರೆ ಗಾಡಿಯ ಸುಳಿವೇ ಇಲ್ಲ. ಹೆಂಗಸರು ಕತ್ತಿ ಪಕ್ಕಕ್ಕಿಟ್ಟುಕೊಂಡು ಸುಮ್ಮನೆ ಕೂತಿದ್ದಾರೆ, ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ. ಒಬ್ಬಳು ಬಸಣ್ಣನಿಗೆ ಶಾಪ ಹಾಕುತ್ತಿದ್ದಾಳೆ. ಪಾಪ, ಅವರು ಮಷೀನ್ ಮುಂದೆ ಕೂತು ಸೂಜಿಗೆ ದಾರ ಪೋಣಿಸಲಾಗದೆ ಒದ್ದಾಡುತ್ತಿದ್ದಾರೆ.

ಬಿಸಿಲೇರಿದ ಮೇಲೆ ಎತ್ತಿನ ಗೆಜ್ಜೆ ಕೇಳಿಸಿತು. ಓಡಿ ಹೋಗಿ ನೋಡಿದರೆ...

ಗಾಡಿ ಖಾಲಿ.

ಇನ್ನು ಕೆಲಸ ಇಲ್ಲ ಅಂತ ಹೇಳಲಿಕ್ಕೇ ಗಾಡಿಯವನು ಬಂದಿದ್ದಾನೆ, ಮುಗಿಯಿತು ನಮ್ಮ ಕಥೆ ಅಂದುಕೊಂಡೆ.

ಗಾಡಿ ಹೊಡೆಯುವ ಹನುಮಂತಣ್ಣ ಮುಖ ಗಂಟು ಹಾಕಿಕೊಂಡೇ ಇಳಿದ. "ಸಾಹುಕಾರ್ರು ಭಾಳ ಬೈದಾಡಿದ್ರು. ಆದ್ರೆ ಕೊಯ್ದ ಅಡಿಕೆ ಎಷ್ಟು ದಿನ ಇಟ್ಕೊಳ್ಳಾಕಾಗ್ತೈತೆ? ಕೊನೀಗೆ ಒಪ್ಕೊಂಡ್ರು. ಹಳೇ ಸಿಪ್ಪೆನೇ ಒಂದು ಗಾಡಿ ಐತೆ, ಮೊದ್ಲು ಅದನ್ನ ಹೇರ್ರಿ. ಆಮೇಲೆ ನಾನು ಅಡಿಕೆ ತರಾಕೆ ಹೋಗ್ಬೇಕು."

ಎಲ್ಲರೂ ಬುಟ್ಟಿ ಹಿಡಿದು ಚರಂಡಿಯತ್ತ ಓಡಿದರು. ಅವ್ವ ಮಾತ್ರ ಕಟ್ಟೆಯಿಂದ ಏಳಲಿಲ್ಲ.

ಯಾಕವ್ವಾ ಅಂತ ಕೇಳಿದೆ.

"ಸ್ವಲ್ಪ ತಡಿ ಮಗಾ, ಕಾಲಾಗೆ ಬಲನೇ ಇಲ್ದಂಗಾಗೈತೆ" ಅಂದಳು.

ಓಣಿಯಲ್ಲಿ ಅಂಜುಬುರುಕಿ ನಾನೊಬ್ಬಳೇ ಅಂದುಕೊಂಡಿದ್ದೆ. ಅಷ್ಟು ಹೆದರಿಕೆ ಒಳಗಿಟ್ಟುಕೊಂಡೂ ಅವ್ವ ಕೈ ಎತ್ತಿದ್ದಳಲ್ಲ... ನೀವಾಗಿದ್ದರೆ ಎತ್ತುತ್ತಿದ್ದಿರಾ?