ಖಾರ್ಘರ್ ಜಲಪಾತದೆದುರಿನ ಕೆಂಪು ಗೆರೆ

ವಡಾಲಾದಲ್ಲಿ ಪನ್ವೇಲ್ ಲೋಕಲ್ ಹತ್ತಿದಾಗ ಬೆಳಿಗ್ಗೆ ಏಳೂವರೆ. ಭಾನುವಾರವಾದ್ದರಿಂದ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಮಗಳು ಅನಘಾ ನನ್ನನ್ನು ಖಾರ್ಘರ್ ಜಲಪಾತಕ್ಕೆ ಕರೆದುಕೊಂಡು ಹೊರಟಿದ್ದಳು. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ ಅವಳಿಗೆ ಸಹ್ಯಾದ್ರಿಯಲ್ಲಿ ಕಲ್ಲುಗಳ ನಕ್ಷೆ ತಯಾರಿಸುವ ಕೆಲಸ ಸಿಕ್ಕಿತ್ತು. ಒಂದು ವರ್ಷ, ಬಹುಪಾಲು ಟೆಂಟಿನಲ್ಲೇ ವಾಸ. ಮರುದಿನ ಉತ್ತರ ಕೊಡಬೇಕಿತ್ತು. ನಮ್ಮ ಯಜಮಾನರು ಎಂದಿನಂತೆ ತೀರ್ಮಾನವನ್ನು ನನ್ನ ತಲೆಗೆ ಕಟ್ಟಿ ಪೇಪರ್ ಓದುತ್ತ ಕೂತಿದ್ದರು. ನಾನು ಬೇಡವೆಂದೇ ನಿಶ್ಚಯಿಸಿದ್ದೆ. "ಏಕ್ ಬಾರ್ ಬಾ ಅಮ್ಮ, ನೋಡು. ಆಮೇಲೆ ಬೇಡ ಅನ್ನು," ಎಂದಿದ್ದಳು.

ವಾಶಿಯ ಹತ್ತಿರ ಸಮುದ್ರದ ಖಾಡಿಯ ಸೇತುವೆ ದಾಟುವಾಗ ಜಿನುಗು ಮಳೆ ಹಿಡಿಯಿತು. ಖಾರ್ಘರ್‌ನಲ್ಲಿ ಇಳಿದು ವಡಾಪಾವ್ ತಿಂದು ರಿಕ್ಷಾ ಹಿಡಿದೆವು, ಎಂಬತ್ತು ರೂಪಾಯಿ. ಬೆಟ್ಟದ ಬುಡದಲ್ಲಿ ಪೊಲೀಸರು ಹಗ್ಗ ಕಟ್ಟಿ ನಿಂತಿದ್ದರು. ಮಳೆಗಾಲ ಮುಗಿಯುವವರೆಗೆ ಯಾರನ್ನೂ ಮುಂದೆ ಬಿಡುವುದಿಲ್ಲವಂತೆ. ಅನಘಾಳಿಗೆ ಅದು ಮೊದಲೇ ಗೊತ್ತಿತ್ತು. ಜಲಪಾತ ಅಷ್ಟು ದೂರದಲ್ಲಿ ಬೆಳ್ಳಗೆ ಸುರಿಯುತ್ತಿದ್ದರೆ ಇವಳು ಅದಕ್ಕೆ ಬೆನ್ನು ಹಾಕಿ, ರಸ್ತೆಗಾಗಿ ಕಡಿದ ಗುಡ್ಡದ ಮುಂದೆ ನಿಂತಳು. ಇದನ್ನು ನೋಡುವುದಕ್ಕೆ ಭಾನುವಾರ ಹಾಳುಮಾಡಿಕೊಂಡೆನೇ ಎಂದು ಸಿಟ್ಟು ಬಂತು.

ಗುಡ್ಡದ ಕಪ್ಪು ಕಲ್ಲಿನ ನಡುವೆ ಗೇಣಗಲದ ಕೆಂಪು ಗೆರೆ ಇತ್ತು. ಮನೆಯಲ್ಲಿ ಹಿಂದಿಯಲ್ಲೇ ಉತ್ತರ ಕೊಡುವ ಹುಡುಗಿ ಕನ್ನಡದಲ್ಲಿ ತಡೆತಡೆದು ಶುರುಮಾಡಿದಳು: "ಕೆಳಗಿಂದು ಮೊದಲು ಬಂತು, ಲಾವಾ. ತಣ್ಣಗಾಯ್ತು. ಫಿರ್ ತುಂಬಾ ವರ್ಷ ಏನೂ ಬರ್ಲಿಲ್ಲ, ಮೇಲೆ ಮಣ್ಣಾಯ್ತು. ಆಮೇಲೆ ಇನ್ನೊಂದು ಲಾವಾ ಬಂದು ಮಣ್ಣು ಸುಟ್ಟು ಕೆಂಪಾಯ್ತು. ಅದರ ಮೇಲಿಂದು ಹೊಸ ಪಾದೆ."

ಪಾದೆ ಎಂದರೇನೋ ತಿಳಿಯಲಿಲ್ಲ, ಮರಾಠಿ ಇರಬೇಕೆಂದುಕೊಂಡೆ. ಜಲಪಾತದ ಹಿಂದೆಯೂ ಇಂಥದೇ ಮೆದು ಪದರವಿದೆಯಂತೆ. ನೀರು ಅದನ್ನು ಕೊರೆಯುತ್ತದೆ, ಮೇಲಿನ ಕಲ್ಲು ಆಧಾರವಿಲ್ಲದೆ ಒಂದು ದಿನ ಕಳಚಿ ಬೀಳುತ್ತದೆ, ಜಲಪಾತ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಹಾಗಾದರೆ ಅದು ಕೆಳಕ್ಕೆ ಬೀಳುತ್ತಿದೆಯೋ ಹಿಂದಕ್ಕೆ ನಡೆಯುತ್ತಿದೆಯೋ ಎಂದು ಕೇಳಿದರೆ ಎರಡೂ ಎಂದಳು. ನನ್ನ ತಲೆ ಗಿರ್ರೆಂದಿತು.

ಕೆಂಪು ಗೆರೆಯ ಕೆಳಗಿನ ಕಲ್ಲಿನಲ್ಲಿ ಮಾತ್ರ ಸಣ್ಣ ಸಣ್ಣ ತೂತುಗಳಿದ್ದವು, ಕೆಲವುಗಳಲ್ಲಿ ಬಿಳಿ ಹರಳು ತುಂಬಿತ್ತು. ಲಾವಾದ ಗಾಳಿಗುಳ್ಳೆಗಳು ಮೇಲೆದ್ದು, ಅದು ಗಟ್ಟಿಯಾದಾಗ ಅಲ್ಲೇ ಉಳಿದವಂತೆ. ಇದೊಂದು ತಿಳಿಯಿತು. ಕಾವಲಿಯ ಮೇಲಿನ ದೋಸೆಗೂ ತೂತು ಬೀಳುವುದು ಮೇಲ್ಮೈಯಲ್ಲೇ ತಾನೇ. ಹಾಗಂದಾಗ ಅವಳ ಮುಖ ಅರಳಿತು.

ಧೈರ್ಯ ಬಂದು, ಈ ಪಾದೆ ಎಂದರೇನು ಎಂದು ಕೇಳಿದೆ.

"ಕನ್ನಡ ಅಲ್ವಾ?" ಎಂದು ಅವಳೇ ಗಾಬರಿಯಾದಳು. ಚೀಲದಿಂದ ಪುಸ್ತಕ ತೆಗೆದಳು. ಕನ್ನಡ ಅಕ್ಷರ ಬಾರದ ಹುಡುಗಿ ಎರಡು ಪುಟದ ತುಂಬ ಕನ್ನಡ ಪದಗಳನ್ನು ದೇವನಾಗರಿಯಲ್ಲಿ ಬರೆದುಕೊಂಡಿದ್ದಳು: ಪದರ, ಬಿರುಕು, ಹರಳು, ಪಾದೆ. ನಮ್ಮ ಬಿಲ್ಡಿಂಗಿನ ಕೆಳಗಿನ ಹೋಟೆಲಿನ ಉಡುಪಿ ಭಟ್ಟರನ್ನು ಒಂದು ತಿಂಗಳಿಂದ ಕೇಳಿ ಕೇಳಿ ಬರೆದದ್ದಂತೆ. ಸಂಜೆ ಅಲ್ಲಿ ಹರಟೆ ಹೊಡೆಯುತ್ತಾಳೆಂದು ನಾನು ಬೈದದ್ದೇ ಬಂತು.

"ಇಂಗ್ಲಿಷಲ್ಲಿ ಹೇಳಿದ್ರೆ ನೀನು ಪೂರ್ತಿ ಕೇಳಲ್ಲ," ಎಂದಳು.

ಬಗ್ಗಿ ಆ ಪದಗಳನ್ನೆಲ್ಲ ಓದಿದೆ. ಪಾದೆಗೆ ನಮ್ಮ ಮೈಸೂರಿನ ಕಡೆ ಬಂಡೆ ಅನ್ನುತ್ತಾರೆ ಎಂದೆ. ಅದನ್ನೂ ಬರೆದುಕೊಂಡಳು.

ವಾಪಸು ಹೊರಟ ರಿಕ್ಷಾದಿಂದ ಜಲಪಾತವನ್ನು ಇನ್ನೊಮ್ಮೆ ನೋಡಿದೆ. ಅದು ಹಿಂದಕ್ಕೆ ನಡೆಯುವುದು ನನಗಂತೂ ಕಾಣಲಿಲ್ಲ. ಮನೆಯಿಂದ ತಂದಿದ್ದ 'ಬೇಡ'ವೂ ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಟೆಂಟಲ್ಲಿ ನೆಲ ಥಂಡಿ ಇರುತ್ತಲ್ವೇನೇ?" ಎಂದು ಕೇಳಿದೆ.

ಅನಘಾ ಥಟ್ಟನೆ ನನ್ನ ಕಡೆ ತಿರುಗಿದಳು.

"ನನ್ನ ಉಣ್ಣೆ ಕಂಬಳಿ ತಗೊಂಡು ಹೋಗು," ಎಂದೆ.